ಉಪ್ಪಿಗೆ ಹಾಕಿದ ಮೀನಿನಲ್ಲಿ ಹುಳುವಿನ ಮರಿ ಸಾಯುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹೊನ್ನಾವರದವನು, ಕೆಲಸಕ್ಕೆ ಈಜಿಪ್ಟಿನ ಪೋರ್ಟ್ ಸೈದ್‌ನಲ್ಲಿದ್ದೇನೆ. ಇಲ್ಲಿ ಈಸ್ಟರ್ ಮರುದಿನ ಶಮ್ ಎಲ್-ನಸೀಮ್ ಹಬ್ಬ. ಅವತ್ತು ಫಸೀಖ್ ತಿನ್ನುತ್ತಾರೆ. ಅಂದ್ರೆ ಮುಲೆಟ್ ಮೀನನ್ನು ಉಪ್ಪಿಗೆ ಹಾಕಿಟ್ಟು, ಬೇಯಿಸದೇ, ಲಿಂಬೆ ಹಿಂಡಿ ಈರುಳ್ಳಿ ಜೊತೆ. ಜೊತೆಗೆ ಕೆಲಸ ಮಾಡುವವರು ಮನೆಗೆ ಕರೆದಿದ್ದಾರೆ. ಮಂಜಲಾ ಸರೋವರದ ಮೀನಲ್ಲಿ ಹುಳುವಿನ ಮರಿ ಇರುತ್ತೆ ಅಂತ ಕೇಳಿದೆ. ಕೊಯ್ದು ನೋಡಿದರೆ ಗೊತ್ತಾಗುತ್ತಾ?

ಉತ್ತರ (ಮೀನಿನ ರೋಗಗಳ ಲ್ಯಾಬ್‌ನಲ್ಲಿ ಕೆಲಸ): ಗೊತ್ತಾಗಲ್ಲ ಸರ್. ಬೆನ್ನಿನ ಮಾಂಸದಿಂದ ಅಕ್ಕಿಕಾಳಿನಷ್ಟು ತೆಗೆದು, ಎರಡು ಗಾಜಿನ ನಡುವೆ ಒತ್ತಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಗುಂಡಗಿನ ಗೂಡು, ಅದರೊಳಗೆ ಮಡಚಿಕೊಂಡ ಮರಿ. ಜೀವ ಇದ್ದರೆ ನಿಧಾನ ಹೊರಳುತ್ತಿರುತ್ತೆ. ಗೂಡಿನ ಅಗಲ ಮಿಲಿಮೀಟರಿನ ಕಾಲುಭಾಗವೂ ಇಲ್ಲ. ಮೀನು ನೋಡೋಕೆ ಫಳಫಳ ಅಂತಲೇ ಇರುತ್ತೆ.

ಇದು ಹೆಟೆರೋಫಿಸ್ ಅನ್ನೋ ಚಪ್ಪಟೆ ಹುಳು. 1851ರಲ್ಲಿ ಥಿಯೋಡರ್ ಬಿಲ್‌ಹಾರ್ಜ್ ಕೈರೋದಲ್ಲಿ ಶವಪರೀಕ್ಷೆ ಮಾಡುವಾಗ ಮನುಷ್ಯನ ಕರುಳಲ್ಲಿ ಕಂಡರು. ಉಪ್ಪುನೀರು, ಸಿಹಿನೀರು ಬೆರೆಯುವ ಕಡೆ ಇದರ ಸಂಸಾರ ಸಲೀಸು. ಮಲದ ಜೊತೆ ನೀರಿಗೆ ಬಿದ್ದ ಮೊಟ್ಟೆಯನ್ನು ಕೆಸರಿನ ಪುಟ್ಟ ಬಸವನಹುಳು ತಿನ್ನುತ್ತೆ. ಅದರಿಂದ ಹೊರಬಂದ ಮರಿ ಈಜಿಕೊಂಡು ಹೋಗಿ ಮೀನಿನ ಮಾಂಸ ಹೊಕ್ಕು ಗೂಡು ಕಟ್ಟುತ್ತೆ. ಆ ಮೀನನ್ನು ಹಸಿಯಾಗಿ ತಿಂದ ಮನುಷ್ಯ, ಬೆಕ್ಕು, ಹಕ್ಕಿ, ಯಾರಾದರೂ ಸರಿ, ಅವರ ಕರುಳಲ್ಲಿ ದೊಡ್ಡದಾಗುತ್ತೆ.

ಉಪ್ಪಿನ ಮಾತು. ಉಪ್ಪಿಗೆ ಹಾಕಿ ಒಂದು ವಾರದವರೆಗೂ ಕೆಲವು ಬದುಕಿರುತ್ತವೆ. ಲಿಂಬೆರಸವನ್ನಂತೂ ನಂಬಬೇಡಿ. ಹುಳು ನಾಲ್ಕಾರು ಇದ್ದರೆ ಏನೂ ಅನ್ನಿಸದೇ ಇರಬಹುದು, ಜಾಸ್ತಿ ಆದರೆ ಹೊಟ್ಟೆನೋವು, ಭೇದಿ. ಪ್ರಾಜಿಕ್ವಾಂಟೆಲ್ ಮಾತ್ರೆಗೆ ಹೋಗುತ್ತೆ, ಆದರೆ ಡಾಕ್ಟರ್ ಬರೆದುಕೊಟ್ಟರೆ ಮಾತ್ರ.

ನೀವು ಕೇಳದಿದ್ದರೂ ಹೇಳುತ್ತೇನೆ, ಫಸೀಖ್ ವಿಷಯದಲ್ಲಿ ನನಗೆ ಹುಳುವಿಗಿಂತ ಭಯ ಬಾಟ್ಯುಲಿಸಂ, ಅಂದ್ರೆ ಬ್ಯಾಕ್ಟೀರಿಯಾ ಬಿಡುವ ವಿಷದಿಂದ ಬರುವ ಕಾಯಿಲೆ. 1991ರಲ್ಲಿ ಅಲ್ಲೇ ಫಸೀಖ್ ತಿಂದು 91 ಜನ ಆಸ್ಪತ್ರೆ ಸೇರಿದರು, 18 ಜನ ತೀರಿಕೊಂಡರು. ಹುಳುವಿಗೆ ಮಾತ್ರೆ ಇದೆ ಸರ್, ಈ ವಿಷ ನರಕ್ಕೇ ಬಡಿದು ಉಸಿರು ನಿಲ್ಲಿಸುತ್ತೆ.

ಇನ್ನೊಬ್ಬರು: ಮೇಡಂ, ಫ್ರೀಜರಿನಲ್ಲಿ ಎರಡು ದಿನ ಇಟ್ಟರೆ ಸಾಲದಾ?

ಉತ್ತರ: ಹುಳುವಿನ ಮರಿ ಸಾಯೋಕೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಬೇಕು. ಮನೆ ಫ್ರೀಜರ್ ಬಾಗಿಲು ದಿನಕ್ಕೆ ಹತ್ತು ಸಲ ತೆಗೀತೀವಿ, ಅಷ್ಟು ತಣ್ಣಗೆ ನಿಲ್ಲಲ್ಲ. ಬೇಯಿಸೋದೇ ಸುಲಭ. ಮುಳ್ಳಿನ ಹತ್ತಿರದ ಮಾಂಸ 63 ಡಿಗ್ರಿ ಮುಟ್ಟಬೇಕು. ಅಲ್ಲಿ ಮೀನಿಗೆ ಗೋಧಿ ತೌಡು ಮೆತ್ತಿ ಸುಡುತ್ತಾರೆ. ಹೊರಗೆ ಕಪ್ಪಾಗಿರುತ್ತೆ, ದಪ್ಪ ಮೀನಾದರೆ ಒಳಗೆ ಮುಳ್ಳಿಗೆ ಅಂಟಿದ ಮಾಂಸ ಇನ್ನೂ ಗಾಜಿನ ಹಾಗೆ. ಅದು ಬೆಂದಿಲ್ಲ ಅಂತಲೇ.

ಮತ್ತೊಬ್ಬರು: ಹಾಗಾದ್ರೆ ನಮ್ಮ ಶರಾವತಿ ಅಳಿವೆ ಮೀನು?

ಉತ್ತರ: ಇಂಥ ಮರಿಗಳು ಬೇರೆ ಬೇರೆ ಜಾತಿಯವು ನಮ್ಮ ಹಿನ್ನೀರುಗಳಲ್ಲೂ ಇರಬಹುದು, ಬಸವನಹುಳು, ಮೀನು, ಕೊಕ್ಕರೆ ಮೂರೂ ಇವೆ ಅಲ್ವಾ. ಆದರೆ ನಾವು ಉಪ್ಪುಮೀನನ್ನೂ ಸುಟ್ಟೋ ಸಾರು ಮಾಡಿಯೋ ತಿನ್ನುವವರು, ಹೆದರಬೇಡಿ. ಬೆಕ್ಕಿಗೆ ಹಸಿ ಮೀನು ಹಾಕೋದು ಮಾತ್ರ ಬಿಡಿ.

ಮೊದಲ ಪ್ರಶ್ನೆ ಕೇಳಿದವರು: ತಿನ್ನದಿದ್ದರೆ ಅವರಿಗೆ ಬೇಜಾರಾಗುತ್ತೆ ಮೇಡಂ.

ಉತ್ತರ: ಆ ಊಟದಲ್ಲಿ ರಿಂಗಾನೂ ಇರುತ್ತೆ, ಹೊಗೆಯಲ್ಲಿಟ್ಟ ಹೆರಿಂಗ್. ಅದು ಸಮುದ್ರದ ಮೀನು. ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿಕೊಡಿ ಅಂತ ಕೇಳಿ. ಈರುಳ್ಳಿ ಸೊಪ್ಪು, ಬಣ್ಣದ ಮೊಟ್ಟೆ ಹೇಗೂ ಇದ್ದೇ ಇರುತ್ತೆ.