ಹಳೇ ಜೀಪಿಗೆ ನಾವೇ ಸ್ನಾರ್ಕೆಲ್ ಮಾಡಿ ಕೂರಿಸಬಹುದಾ?

ಪ್ರಶ್ನೆ (ಹೊಸನಗರ ಕಡೆಯ ಸದಸ್ಯರು):
ಅಣ್ಣಾ, ನನ್ನ ಹತ್ತಿರ ಹಳೇ ಮಹೀಂದ್ರಾ ಮೇಜರ್ ಇದೆ. 2.5 ಲೀಟರ್ ಡಿಐ ಡೀಸೆಲ್, ಟರ್ಬೋ ಇಲ್ಲ. ತೋಟಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳ ಅಡ್ಡ ಬರುತ್ತದೆ. ಬೇಸಿಗೆಯಲ್ಲಿ ಟಯರ್ ನೆನೆಯುವಷ್ಟೂ ನೀರಿರುವುದಿಲ್ಲ. ಆಷಾಢ ಬಂತೆಂದರೆ ಬಂಪರ್ ಮುಟ್ಟುತ್ತದೆ. ಅಂಗಡಿಯ ಸ್ನಾರ್ಕೆಲ್ (ಇಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಪೈಪ್) ಈ ಗಾಡಿಗೆ ಸರಿಯಾಗಿ ಕೂರುವುದಿಲ್ಲ, ರೇಟೂ ಜಾಸ್ತಿ. ಸ್ಪ್ರಿಂಕ್ಲರ್ ಲೈನಿಗೆ ತಂದ ಪಿವಿಸಿ ಪೈಪ್ ಮನೆಯಲ್ಲಿ ಉಳಿದಿದೆ. ಅದರಲ್ಲೇ ಮಾಡಬಹುದಾ? ಎಷ್ಟು ಇಂಚಿನ ಪೈಪ್ ಬೇಕು? ಮಾಡಿದ ಮೇಲೆ ಎಷ್ಟು ನೀರಿಗೆ ಇಳಿಸಬಹುದು?

ಉತ್ತರ (ಶಿವಮೊಗ್ಗದ ಮೆಕ್ಯಾನಿಕ್):
ಮಾಡಬಹುದು. ಆದರೆ ನಿಮ್ಮ ಕೊನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಜನ ಎಡವುವುದು ಅಲ್ಲೇ. ಪೈಪ್ ಟಾಪಿನವರೆಗೆ ಹೋಗಿದೆ ಅಂತ ನೀರು ಟಾಪಿನವರೆಗೆ ಬರಬಹುದು ಅಂತಲ್ಲ. 2020ರ ಥಾರ್‌ಗೇ ಕಂಪನಿ ಹೇಳುವ ಆಳ 650 ಮಿ.ಮೀ. ಮಾತ್ರ. ಸ್ನಾರ್ಕೆಲ್ ಹಾಕಿದ ಮೇಲೂ ನಿಮ್ಮ ಲೆಕ್ಕ ಬಂಪರಿಗೇ ನಿಲ್ಲಲಿ. ಅದೂ ನಿಂತ ನೀರಿಗೆ.

ಹರಿಯುವ ನೀರಿನ ಕಥೆಯೇ ಬೇರೆ. ಎರಡು ಅಡಿ ನೀರು ಜೋರಾಗಿ ಹರಿಯುತ್ತಿದ್ದರೆ ಜೀಪೂ ತೇಲಿಕೊಂಡು ಹೋಗುತ್ತದೆ. ಆಗ ಇಂಜಿನ್ ಚೆನ್ನಾಗಿ ಓಡುತ್ತಿದ್ದರೂ ಏನೂ ಉಪಯೋಗವಿಲ್ಲ, ಚಕ್ರಕ್ಕೆ ನೆಲವೇ ಸಿಗುವುದಿಲ್ಲ. ನಮ್ಮ ಕಡೆಯ ಹಳ್ಳಗಳು ನಿಮಗೆ ಗೊತ್ತೇ ಇದೆ. ಮೇಲೆ ಘಟ್ಟದಲ್ಲಿ ಮಳೆ ಹೊಡೆದರೆ ಸಾಕು, ಕೆಳಗೆ ಮಳೆ ಬಿಟ್ಟು ಹೊಳವಾಗಿದ್ದರೂ ನೀರು ಏರುತ್ತದೆ. ಕೆಂಪು ನೀರಲ್ಲಿ ತಳ ಕೊರೆದಿದೆಯೋ ಇಲ್ಲವೋ ಕಾಣುವುದೂ ಇಲ್ಲ. ಅಂಥ ದಿನ ಗಾಡಿ ಈಚೆ ದಡದಲ್ಲೇ ನಿಲ್ಲಿಸಿ, ಸಂಕ (ಕಾಲುಸೇತುವೆ) ಇದ್ದರೆ ನಡೆದು ಹೋಗಿ.

ಈಗ ಪೈಪಿಗೆ ಬರೋಣ. ನಿಮ್ಮ ಇಂಜಿನ್ ಒಂದು ಸುತ್ತಿಗೆ ಸುಮಾರು 1.25 ಲೀಟರ್ ಗಾಳಿ ಎಳೆಯುತ್ತದೆ. 3,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೂಕಡಿಮೆ 3,700 ಲೀಟರ್. ಇಷ್ಟು ಗಾಳಿ ಸಣ್ಣ ಪೈಪಲ್ಲಿ ಹೋಗಬೇಕೆಂದರೆ ಇಂಜಿನ್ ಒದ್ದಾಡುತ್ತದೆ, ಏರು ಹತ್ತುವಾಗ ಕಪ್ಪು ಹೊಗೆ ಬಿಡುತ್ತದೆ. 63 ಮಿ.ಮೀ. ಪೈಪ್ ಬೇಡ. 75 ಮಿ.ಮೀ. ಪೈಪ್ ತಗೊಳ್ಳಿ, ಒಳಗೆ ಸುಮಾರು 70 ಸಿಗುತ್ತದೆ. ಯಾವುದಕ್ಕೂ ಏರ್ ಕ್ಲೀನರಿನ (ಗಾಳಿ ಸೋಸುವ ಡಬ್ಬಿ) ಬಾಯಿ ಅಳೆದು ನೋಡಿ, ಪೈಪಿನ ಒಳಗಾತ್ರ ಅದಕ್ಕಿಂತ ಕಡಿಮೆ ಆಗಬಾರದು. ತಿರುವಿಗೆ ಚಿಕ್ಕ ಮೂಲೆಯ ಎಲ್ಬೋ ಬದಲು ಉದ್ದನೆಯ ಬೆಂಡ್ ಹಾಕಿ.

ಪಿವಿಸಿ ಬಾನೆಟ್ಟಿನ ಹೊರಗೆ ಸರಿ. ಒಳಗೆ ಬೇಡ. 80 ಡಿಗ್ರಿ ಹತ್ತಿರ ಬಂದರೆ ಪಿವಿಸಿ ಮೆತ್ತಗಾಗುತ್ತದೆ, ಅದರ ಜೊತೆಗೆ ಇಂಜಿನ್ ಗಾಳಿ ಎಳೆಯುತ್ತಿರುತ್ತದೆ, ಪೈಪ್ ಚಪ್ಪಟೆಯಾಗಿ ಕೂರುತ್ತದೆ. ಹೊರಗಿನದಕ್ಕೂ ತೆಳು 4 ಕೆಜಿ ಪೈಪ್ (ತೂಕವಲ್ಲ, ತಡೆಯುವ ಒತ್ತಡದ ಲೆಕ್ಕ) ಬಿಟ್ಟು 6 ಕೆಜಿಯದ್ದು ಹಾಕಿ, ಪೇಂಟ್ ಹೊಡೆಯಿರಿ. ಬಿಸಿಲಿಗೆ ವರ್ಷಗಟ್ಟಲೆ ಇದ್ದರೆ ಸೀಳು ಬಿಡುತ್ತದೆ, ಕೊಂಬೆ ತಾಗಿದಾಗ ಚಟ್ ಅಂತ ಮುರಿಯುತ್ತದೆ. ನನ್ನ ಕೇಳಿದರೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಸೈಲೆನ್ಸರ್ ಕೆಲಸ ಮಾಡುವವರ ಹತ್ತಿರ ಕಬ್ಬಿಣದ ಪೈಪನ್ನೇ ಬಗ್ಗಿಸಿ ತರುವುದು ಒಳ್ಳೆಯದು. ಬಾನೆಟ್ಟಿನ ಒಳಗೆ ದಪ್ಪ ರಬ್ಬರ್ ಹೋಸ್ ಅಥವಾ ಸಿಲಿಕೋನ್ ಹೋಸ್, ಎರಡೂ ತುದಿಗೆ ಗಟ್ಟಿ ಕ್ಲಿಪ್. ವಾಷಿಂಗ್ ಮೆಷಿನ್ನಿನ ನೆರಿಗೆ ಪೈಪ್ ತಂದು ತುರುಕಬೇಡಿ ಮಾರಾಯ್ರೆ, ಅಂಥದ್ದು ಗ್ಯಾರೇಜಿಗೆ ಇನ್ನೂ ಬರುತ್ತಲೇ ಇದೆ.

ಪ್ರಶ್ನೆ (ಅದೇ ಸದಸ್ಯರು):
ಜಾಯಿಂಟಿಗೆಲ್ಲ ಸಿಲಿಕೋನ್ ಪೇಸ್ಟ್ ಬಳಿದರೆ ಸಾಕಾ ಅಣ್ಣಾ? ನೀರು ಒಳಗೆ ಹೋದರೆ ನಿಜವಾಗಿ ಏನಾಗುತ್ತದೆ?

ಉತ್ತರ:
ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ನಿಮ್ಮ ಇಂಜಿನ್ನಿನ ಒಂದು ಸಿಲಿಂಡರ್ 625 ಸಿಸಿ. ಕಂಪ್ರೆಶನ್ (ಒಳಗಿನ ಗಾಳಿಯನ್ನು ಎಷ್ಟರಲ್ಲಿ ಒಂದು ಪಾಲಿಗೆ ಒತ್ತುತ್ತದೆ ಅನ್ನುವುದು) 18ಕ್ಕೆ 1 ಅಂತ ಹಿಡಿದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 37 ಮಿ.ಲೀ. ಅದಕ್ಕಿಂತ ಜಾಸ್ತಿ ನೀರು ಬಂದರೆ ಪಿಸ್ಟನ್ ಮೇಲೆ ಹೋಗಲು ಜಾಗವೇ ಇಲ್ಲ. ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಕೆಲವು ಸಲ ಮುರಿದು ಬ್ಲಾಕ್ ಒಡೆದು ಹೊರಗೇ ಬರುತ್ತದೆ. ಹಾಗಾಗಿ ನೀರಲ್ಲಿ ಗಾಡಿ ಆಫ್ ಆದರೆ ಸೆಲ್ಫ್ ಹೊಡೆಯಲೇಬೇಡಿ. ಎಳೆಸಿ ದಡಕ್ಕೆ ತಂದು, ಇಂಜೆಕ್ಟರ್ ಬಿಚ್ಚಿ, ಆಮೇಲೆ ಇಂಜಿನ್ ತಿರುಗಿಸಿದರೆ ನೀರು ಆ ತೂತಿನಿಂದ ಚಿಮ್ಮಿ ಹೋಗುತ್ತದೆ. ಮುಖ ಅಡ್ಡ ಇಟ್ಟುಕೊಂಡು ನೋಡಬೇಡಿ.

ಪೇಸ್ಟ್ ವಿಷಯ: ಹೊರಗಿನ ಜಾಯಿಂಟಿಗೆ ನಡೆಯುತ್ತದೆ. ಆದರೆ ಸೋರುವುದು ಹೆಚ್ಚಾಗಿ ಪೈಪಲ್ಲಿ ಅಲ್ಲ, ಏರ್ ಕ್ಲೀನರ್ ಡಬ್ಬಿಯಲ್ಲಿ. ಮುಚ್ಚಳದ ರಬ್ಬರ್ ಒಣಗಿರುತ್ತದೆ. ಡಬ್ಬಿಯ ತಳದಲ್ಲಿ ನೀರು ಇಳಿಯಲು ಸಣ್ಣ ತೂತು ಇಟ್ಟಿರುತ್ತಾರೆ, ಅದನ್ನು ಯಾರೂ ನೋಡುವುದಿಲ್ಲ. ಒಂದು ಗಾಡಿ ಬಂದಿತ್ತು. ಹೊರಗೆ ಪೈಪ್ ಶೋರೂಮಿನ ಮಾಲಿನ ಹಾಗೆ ಮಿಂಚುತ್ತಿತ್ತು, ಕೆಳಗಿನ ತೂತು ತೆರೆದೇ ಇತ್ತು. ನೀರು ಅಲ್ಲಿಂದಲೇ ಏರಿ ಫಿಲ್ಟರ್ ನೆನೆದಿತ್ತು. ಅಷ್ಟು ದೊಡ್ಡ ಕೊಂಬು ಇದ್ದೂ ಉಪಯೋಗ ಆಗಲಿಲ್ಲ. ಆ ತೂತಿಗೆ ಬಿಚ್ಚಿ ಹಾಕುವಂಥ ಬಿರಡೆ ಕೊಡಿ. ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ಹೋಸನ್ನೂ ನೋಡಿ, ಅಲ್ಲಿ ಸೋರಿದರೆ ಬೇಸಿಗೆಯಲ್ಲಿ ಧೂಳು ನೇರ ಒಳಗೆ ಹೋಗುತ್ತದೆ.

ನಿಮ್ಮದು ಹಳೇ ಆಯಿಲ್ ಬಾತ್ ಕ್ಲೀನರ್ (ಆಯಿಲಿನಲ್ಲಿ ಧೂಳು ಹಿಡಿಯುವಂಥದ್ದು) ಆಗಿದ್ದು, ಗಾಳಿ ಸುತ್ತಲಿನ ಅಂಚಿನಿಂದ ಹೋಗುವಂಥದ್ದಾದರೆ ಅದಕ್ಕೆ ಪೈಪ್ ಸೇರಿಸುವ ಸರ್ಕಸ್ ಬೇಡ. ಒಂದೇ ಬಾಯಿ ಇರುವ ಪೇಪರ್ ಫಿಲ್ಟರ್ ಡಬ್ಬಿ ಹಾಕಿಸಿ.

ಎಲ್ಲ ಆದ ಮೇಲೆ ಪರೀಕ್ಷೆ ಸುಲಭ. ಇಂಜಿನ್ ಐಡ್ಲಿಂಗಿನಲ್ಲಿ ಬಿಟ್ಟು ಪೈಪಿನ ಬಾಯಿಗೆ ಒಂದು ಚಪ್ಪಟೆ ಹಲಗೆ, ಅದರಡಿ ಹಳೇ ಟ್ಯೂಬಿನ ರಬ್ಬರ್ ಇಟ್ಟು ಒತ್ತಿ. ಅಂಗೈ ಇಡಬೇಡಿ, ಹಿಡಿದು ಎಳೆಯುತ್ತದೆ. ಸ್ವಲ್ಪ ಹೊತ್ತಲ್ಲೇ ಇಂಜಿನ್ ಉಸಿರುಗಟ್ಟಿ ನಿಲ್ಲಬೇಕು. ಓಡುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಬಾಯಿ ಅರ್ಧ ಮುಚ್ಚಿಟ್ಟು ಊದುಬತ್ತಿ ಹಚ್ಚಿ ಒಂದೊಂದೇ ಜಾಯಿಂಟಿನ ಹತ್ತಿರ ಹಿಡಿಯಿರಿ. ಸೋರುವ ಕಡೆ ಹೊಗೆ ಒಳಗೆ ಹೋಗುತ್ತದೆ.

ಪ್ರಶ್ನೆ (ತೀರ್ಥಹಳ್ಳಿ ಸದಸ್ಯರು):
ಪೈಪಿನ ಬಾಯಿ ಮುಂದಕ್ಕಾ, ಹಿಂದಕ್ಕಾ? ಆಗುಂಬೆ ಮಳೆಯಲ್ಲಿ ನೀರು ಮೇಲಿಂದಲೇ ಹೋಗುವುದಿಲ್ಲವಾ?

ಉತ್ತರ:
ಒಳ್ಳೆ ಪ್ರಶ್ನೆ. ಅಂಗಡಿ ಸ್ನಾರ್ಕೆಲ್‌ಗಳ ಬಾಯಿ ಸಾಮಾನ್ಯವಾಗಿ ಮುಂದಕ್ಕಿರುತ್ತದೆ, ಆದರೆ ಅದರ ತಲೆಯ ಹಿಂದೆ ನೀರು ಇಳಿದು ಹೋಗಲು ಸೀಳು ಕೊಟ್ಟಿರುತ್ತಾರೆ. ಮನೆಯಲ್ಲಿ ಮಾಡಿದ ಬೆಂಡಿಗೆ ಅದು ಇರುವುದಿಲ್ಲ. ನಮ್ಮ ಮಳೆಗೆ ಹಿಂದಕ್ಕೆ ತಿರುಗಿಸುವುದೇ ಸರಿ. ಅದಕ್ಕಿಂತ ಚೆಂದ, ಟ್ರ್ಯಾಕ್ಟರ್ ಬಾನೆಟ್ ಮೇಲೆ ಇರುತ್ತದಲ್ಲ, ಅಣಬೆಯಂಥ ಪ್ರೀ-ಕ್ಲೀನರ್, ಅದನ್ನೇ ತಂದು ಕೂರಿಸಿ. ಟ್ರ್ಯಾಕ್ಟರ್ ಸ್ಪೇರ್ ಅಂಗಡಿಯಲ್ಲಿ ಸಿಗುತ್ತದೆ. ಮಳೆಯೂ ತಡೆಯುತ್ತದೆ, ಧೂಳೂ ಅಲ್ಲೇ ಉದುರುತ್ತದೆ. ಅದರ ಬಾಯಿಯೂ 75ರ ಪೈಪಿಗಿಂತ ಸಣ್ಣದಿರಬಾರದು.

ಏರ್ ಕ್ಲೀನರ್ ಇರುವ ಜಾಗ ಒಪ್ಪಿದರೆ ಪೈಪನ್ನು ಎಡಗಡೆ ಗ್ಲಾಸ್ ಫ್ರೇಮಿಗೆ ಹತ್ತಿಸಿ. ಡ್ರೈವರ್ ಕಡೆ ಹಾಕಿದರೆ ಘಾಟಿ ತಿರುವಲ್ಲಿ ಎದುರು ಬರುವ ಬಸ್ಸು ಮರೆಯಾಗುತ್ತದೆ. ಬಾಡಿ ಕೊರೆದ ತೂತಿನ ಅಂಚಿಗೆ ರೆಡ್ ಆಕ್ಸೈಡ್ ಹಚ್ಚಿ ರಬ್ಬರ್ ರಿಂಗ್ ಹಾಕಿ. ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು.

ಪ್ರಶ್ನೆ (ಸಾಗರದ ಸದಸ್ಯರು):
ಸ್ನಾರ್ಕೆಲ್ ಇಲ್ಲದೆಯೇ ದಾಟುವವರು ಇದ್ದಾರಲ್ಲ ಸಾರ್. ಸುಮ್ನೆ ಶೋಕಿ ಅಲ್ವಾ ಇದು? ಆರ್‌ಟಿಓ ಕೇಸ್ ಬೇರೆ ಹಾಕುತ್ತಾರಂತೆ.

ಉತ್ತರ:
ಅರ್ಧ ಶೋಕಿಯೇ. ಬಂಪರ್ ಮಟ್ಟದ ನೀರಿಗೆ ನಾನು ಮೊದಲು ಮಾಡಿಸಲು ಹೇಳುವುದು ಬ್ರೀದರ್ ಪೈಪ್. ಕ್ರೌನ್ ಹೌಸಿಂಗಿನ (ಆಕ್ಸಲ್ ನಡುವಿನ ಗೇರ್ ಗುಂಡು) ಮೇಲೆ ಗಾಳಿ ಬಿಡಲು ಸಣ್ಣ ಮೂಗು ಇರುತ್ತದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆ ಮೂಗಿನಿಂದಲೂ ಆಯಿಲ್ ಸೀಲಿನಿಂದಲೂ ನೀರನ್ನು ಎಳೆದುಕೊಳ್ಳುತ್ತದೆ. ಗೊತ್ತಾಗುವುದೇ ಇಲ್ಲ. ತಿಂಗಳುಗಳ ಮೇಲೆ ಬೇರಿಂಗ್ ಕೂಗಿದಾಗ ಬಿಚ್ಚಿದರೆ ಆಯಿಲ್ ಬೆಳ್ಳಗೆ ನೊರೆ ಕಟ್ಟಿರುತ್ತದೆ. ಆ ಮೂಗಿಗೆ ಡೀಸೆಲ್ ಹೋಸ್ ಸಿಕ್ಕಿಸಿ ಬಾನೆಟ್ಟಿನ ಮೇಲ್ಭಾಗದವರೆಗೆ ತನ್ನಿ. ಮುಂದಿನ ಹೌಸಿಂಗ್, ಹಿಂದಿನದು, ಗೇರ್ ಬಾಕ್ಸ್ ಎಲ್ಲಕ್ಕೂ. ಖರ್ಚು ಏನೂ ಇಲ್ಲ ಅನ್ನಬಹುದು. ಸ್ನಾರ್ಕೆಲ್ ಹಾಕಿ ಇದನ್ನು ಬಿಟ್ಟವರೇ ಜಾಸ್ತಿ, ಇದು ಹೊರಗೆ ಕಾಣುವುದಿಲ್ಲವಲ್ಲ.

ಕಾನೂನು ಇದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗಿ ಗಾಡಿ ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಇದೆ. ರೋಡಿಗೆ ಇಳಿಸುವವರು ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿಯೇ ಕೈಹಾಕಿ. ಇನ್ಶೂರೆನ್ಸ್ ಪಾಲಿಸಿಯನ್ನೂ ಓದಿ. ನೀರು ನುಗ್ಗಿ ಇಂಜಿನ್ ಹೋದರೆ ಸಾಮಾನ್ಯ ಪಾಲಿಸಿಯಲ್ಲಿ ಹೆಚ್ಚಾಗಿ ದುಡ್ಡು ಬರುವುದಿಲ್ಲ, ಇಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಬೇರೆ ಮಾಡಿಸಬೇಕು.

ಪ್ರಶ್ನೆ (ಹೊಸನಗರ):
ಸರಿ ಅಣ್ಣಾ, ಬ್ರೀದರ್ ಈ ವಾರವೇ ಮಾಡಿಸುತ್ತೇನೆ. ನೀರಿಗೆ ಇಳಿಸುವಾಗ ಫ್ಯಾನ್ ಬೆಲ್ಟ್ ಬಿಚ್ಚಬೇಕು ಅಂತಾರೆ, ಹೌದಾ?

ಉತ್ತರ:
ಫ್ಯಾನಿಗೆ ನೀರು ಮುಟ್ಟುವಷ್ಟು ಆಳ ಇದ್ದರೆ ಮಾತ್ರ. ತಿರುಗುವ ಫ್ಯಾನ್ ನೀರನ್ನು ತಳ್ಳಲು ಹೋಗಿ ರೆಕ್ಕೆ ಮುಂದಕ್ಕೆ ಬಾಗುತ್ತದೆ, ರೇಡಿಯೇಟರ್ ಕೆರೆದು ಹಾಕುತ್ತದೆ. ಅಷ್ಟು ಆಳಕ್ಕೆ ನೀವು ಹೋಗುವುದೇ ಬೇಡ. ಫೋರ್ ಲೋನಲ್ಲಿ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರ್) ಫಸ್ಟ್ ಗೇರ್ ಹಾಕಿ, ಒಂದೇ ಹದದಲ್ಲಿ ನಿಧಾನ ಹೋಗಿ, ನಡುವೆ ಕ್ಲಚ್ ಒತ್ತಬೇಡಿ. ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿ, ಡ್ರಮ್ ಒಣಗುವವರೆಗೆ ಬ್ರೇಕ್ ಹಿಡಿಯುವುದಿಲ್ಲ. ನಿಮ್ಮ ತೋಟದ ದಾರಿ ಹಳ್ಳ ದಾಟಿದ ಕೂಡಲೇ ಇಳಿಜಾರಾಗಿದ್ದರೆ ಇಳಿಯುವ ಮೊದಲೇ ನಿಂತು ಬ್ರೇಕ್ ನೋಡಿಕೊಳ್ಳಿ.