ಪದಚರ್ಚೆ: ಅಲಾರಂ ‘ಆಫ್ ಮಾಡು’ ಅಂದರೆ ಯಾವುದನ್ನು ಆಫ್ ಮಾಡುವುದು?

ಎಲ್ಲರಿಗೂ ನಮಸ್ಕಾರ.

ಮನೆಗಳಿಗೆ ಕಳ್ಳರ ಅಲಾರಂ ಹಾಕುವುದು, ಕೆಟ್ಟರೆ ಸರಿಮಾಡುವುದು ನನ್ನ ಕೆಲಸ. ಕೊಡಗಿನ ವಿರಾಜಪೇಟೆ, ಗೋಣಿಕೊಪ್ಪ, ನಾಪೋಕ್ಲು ಕಡೆಯ ತೋಟದ ಮನೆಗಳೇ ಜಾಸ್ತಿ. ಕೋಡ್ ಒತ್ತುವ ಕೀಪ್ಯಾಡ್ ಪಕ್ಕದ ಗೋಡೆಗೆ ಅಂಟಿಸಲು ಕನ್ನಡದಲ್ಲಿ ಒಂದು ಕಾರ್ಡ್ ಬರೆಯುತ್ತಿದ್ದೇನೆ. ಕೆಲವು ಪದಗಳು ಸಿಗದೆ ಕೆಲಸ ನಿಂತಿದೆ. ಮುಖ್ಯವಾಗಿ ಇಂಗ್ಲಿಷಿನ ‘ಆರ್ಮ್’ ಮತ್ತು ‘ಡಿಸ್‌ಆರ್ಮ್’. ಆರ್ಮ್ ಅಂದರೆ ಯಾರಾದರೂ ಒಳಗೆ ಬಂದರೆ ಕೂಗುವ ಹಾಗೆ ಅಲಾರಂ ಸಿದ್ಧ ಮಾಡಿಡುವುದು, ಡಿಸ್‌ಆರ್ಮ್ ಅದರ ಉಲ್ಟಾ. ಇವಕ್ಕೆ ನಿಮ್ಮ ಕಡೆ ಜನ ಏನನ್ನುತ್ತಾರೆ, ಏನಂದರೆ ಚೆನ್ನ, ತಿಳಿಸಬೇಕು.

ಕಾರ್ಡ್ ಓದುವವರು ಯಾರು ಅನ್ನುವುದನ್ನು ಮೊದಲು ಹೇಳುತ್ತೇನೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ. ಅವರೂ ಊರು ಬಿಟ್ಟು ಹೋದಾಗ ಕೀಪ್ಯಾಡ್ ಒತ್ತುವವರು ತೋಟದ ರೈಟರ್, ಮೇಸ್ತ್ರಿ, ಇಲ್ಲವೇ ಅಡುಗೆಯವರು. ಒಬ್ಬರ ಮನೆಮಾತು ಕೊಡವ ತಕ್ಕ್, ಇನ್ನೊಬ್ಬರದು ಅರೆಭಾಷೆ, ಮತ್ತೊಬ್ಬರದು ಮಲಯಾಳಂ ಅಥವಾ ತುಳು. ಎಲ್ಲರಿಗೂ ಸೇರಿ ಓದಲು ಬರುವುದು ಕನ್ನಡ. ಕೀಪ್ಯಾಡಿನ ಪರದೆಯಲ್ಲಿ ಬರುವುದು ಮಾತ್ರ ಇಂಗ್ಲಿಷ್. ರಾತ್ರಿ ಸೈರನ್ ಕೂಗುವಾಗ, ಕೈ ನಡುಗುವಾಗ, ಒಮ್ಮೆ ಓದಿದರೆ ತಿಳಿಯುವಂಥ ಪದ ಬೇಕು.

ಈಗ ಎಲ್ಲರೂ ಹೇಳುವುದು ‘ಆನ್ ಮಾಡು, ಆಫ್ ಮಾಡು’. ಆನ್‌ನಿಂದ ಅಷ್ಟು ತೊಂದರೆ ಇಲ್ಲ. ತೊಂದರೆ ಆಫ್‌ನದು. ಆ ಒಂದೇ ಮಾತಿನಲ್ಲಿ ಮೂರು ಬೇರೆ ಕೆಲಸಗಳು ಸೇರಿಕೊಂಡಿವೆ. ಕೂಗುತ್ತಿರುವ ಸೈರನ್ ನಿಲ್ಲಿಸುವುದು ಒಂದು. ಮನೆಯವರು ಒಳಗೆ ಓಡಾಡುವಾಗ ಸೆನ್ಸರ್‌ಗಳು ಸುಮ್ಮನಿರುವ ಹಾಗೆ ಮಾಡುವುದು ಇನ್ನೊಂದು. ಡಿಸ್‌ಆರ್ಮ್ ಅನ್ನುವುದು ಇದಕ್ಕೆ. ಪ್ಯಾನೆಲ್‌ಗೆ (ಎಲ್ಲವನ್ನೂ ನಡೆಸುವ ಮುಖ್ಯ ಪೆಟ್ಟಿಗೆಗೆ) ಬರುವ ಕರೆಂಟನ್ನೇ ತೆಗೆಯುವುದು ಮೂರನೆಯದು.

ಫೋನಿನಲ್ಲಿ ಮಗ ‘ಅಲಾರಂ ಆಫ್ ಮಾಡಿ ಅಪ್ಪಾ’ ಅನ್ನುತ್ತಾನೆ. ಅಪ್ಪ ಗೋಡೆಯ ಸ್ವಿಚ್ ಆಫ್ ಮಾಡುತ್ತಾರೆ. ಸೈರನ್ ನಿಲ್ಲುವುದಿಲ್ಲ, ಯಾಕೆಂದರೆ ಪ್ಯಾನೆಲ್ ಒಳಗೆ ಬ್ಯಾಟರಿ ಇದೆ. ಆಮೇಲೆ ಹೇಗೋ ಕೋಡ್ ಒತ್ತಿ ನಿಲ್ಲಿಸುತ್ತಾರೆ. ಗೋಡೆಯ ಸ್ವಿಚ್ ಮಾತ್ರ ಆಫ್ ಆಗಿಯೇ ಉಳಿಯುತ್ತದೆ, ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. ಈ ಪ್ಯಾನೆಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ, 7 ಆಂಪಿಯರ್ ಅವರ್ ಸೀಸದ ಬ್ಯಾಟರಿ. ಪ್ಯಾನೆಲ್, ಕೀಪ್ಯಾಡ್, ಸೆನ್ಸರ್ ಎಲ್ಲ ಸೇರಿ 200 ಮಿಲಿ ಆಂಪಿಯರ್ ಎಳೆದರೆ ಲೆಕ್ಕಕ್ಕೆ 35 ಗಂಟೆ ಬರಬೇಕು. ಹಳೆಯ ಬ್ಯಾಟರಿಯಾದರೆ ಅಷ್ಟು ಬರುವುದಿಲ್ಲ. ಪೂರ್ತಿ ಇಳಿದು ಹಾಗೇ ಬಿದ್ದಿದ್ದರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಸರಿಯಾಗಿ ಚಾರ್ಜ್ ಹಿಡಿಯುವುದೇ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದಾಗ ಇದೇ ಬ್ಯಾಟರಿಯನ್ನು ನಂಬಿಕೊಂಡಿರುತ್ತೇವೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೆಚ್ಚಿನ ಪ್ಯಾನೆಲ್‌ಗಳಲ್ಲಿ ಕೋಡ್ ಒತ್ತಿದರೆ ಕೂಗು ನಿಲ್ಲುತ್ತದೆ, ಜೊತೆಗೇ ಡಿಸ್‌ಆರ್ಮ್ ಕೂಡ ಆಗುತ್ತದೆ. ಮನೆಯವರು ಸೈರನ್ ಒಂದನ್ನೇ ಆಫ್ ಮಾಡಿದೆವು ಅಂದುಕೊಂಡು ಮಲಗುತ್ತಾರೆ. ಆಮೇಲೆ ಯಾರಾದರೂ ಬಾಗಿಲು ತೆರೆದರೂ ಅಲಾರಂ ಕೂಗುವುದಿಲ್ಲ. ಇದರ ಉಲ್ಟಾ ಕೂಡ ಇದೆ. ಡಿಸ್‌ಆರ್ಮ್ ಆದಾಗ ಎಲ್ಲವೂ ಮಲಗಿರುವುದಿಲ್ಲ. ಹೊಗೆ ಸೆನ್ಸರ್, ಪ್ಯಾನಿಕ್ ಬಟನ್, ಪ್ಯಾನೆಲ್ ಮುಚ್ಚಳ ಬಿಚ್ಚಿದರೆ ತಿಳಿಸುವ ಸಣ್ಣ ಸ್ವಿಚ್, ಇವು 24 ಗಂಟೆಯೂ ಎಚ್ಚರವಾಗಿರುತ್ತವೆ. ‘ಆಫ್ ಇತ್ತಲ್ವಾ, ಮತ್ಯಾಕೆ ಕೂಗ್ತು?’ ಅಂತ ಕೇಳುತ್ತಾರೆ. ಆಫ್ ಅನ್ನುವ ಪದ ಇಟ್ಟುಕೊಂಡು ಇದಕ್ಕೆ ಉತ್ತರ ಹೇಳುವುದು ಕಷ್ಟ.

ಆರ್ಮ್ ಅನ್ನುವುದನ್ನು ಹಾಗೇ ಅನುವಾದ ಮಾಡಿದರೆ ‘ಶಸ್ತ್ರಸಜ್ಜಿತಗೊಳಿಸಿ’ ಅಂತಾಗುತ್ತದೆ. ಡಿಸ್‌ಆರ್ಮ್ ‘ನಿಶ್ಶಸ್ತ್ರಗೊಳಿಸಿ’ ಆಗುತ್ತದೆ. ಬೇರೆ ಊರಲ್ಲಿ ಇದು ಬರೀ ಭಾರದ ಪದ. ಕೊಡಗಿನಲ್ಲಿ ಇದರ ಅರ್ಥವೇ ಬೇರೆಯಾಗುತ್ತದೆ. ಇಲ್ಲಿ ಮನೆಯ ಆಯುಧ ಅಂದರೆ ಕೋವಿ, ತಕ್ಕ್‌ನಲ್ಲಿ ತೋಕ್. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಇಟ್ಟು ಪೂಜೆ ಮಾಡುವ ಮನೆಯ ಗೋಡೆಯಲ್ಲಿ ‘ಮಲಗುವ ಮುನ್ನ ಶಸ್ತ್ರಸಜ್ಜಿತಗೊಳಿಸಿ’ ಅಂತ ಅಂಟಿಸುವ ಹಾಗಿಲ್ಲ.

ಹಾಗೆ ನೋಡಿದರೆ ಅಲಾರಂ ಅನ್ನುವ ಪದವೇ ಆಯುಧದಿಂದ ಬಂದದ್ದು. ಇಟಲಿಯ ಭಾಷೆಯ ‘ಆಲ್ ಆರ್ಮೆ’, ಅಂದರೆ ‘ಆಯುಧ ಹಿಡೀರಿ’ ಅನ್ನುವ ಕೂಗು, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. 1853ರಲ್ಲಿ ಅಮೆರಿಕದ ಆಗಸ್ಟಸ್ ಪೋಪ್ ಕರೆಂಟಿನ ಕಳ್ಳರ ಅಲಾರಂಗೆ ಪೇಟೆಂಟ್ ಪಡೆದರು. ಬಾಗಿಲು ಕಿಟಕಿ ತೆರೆದರೆ ಗಂಟೆ ಬಾರಿಸುವ ಯಂತ್ರ ಅದು. ಅದರಲ್ಲಿ ಆಯುಧ ಇರಲಿಲ್ಲ, ಈಗಲೂ ಇಲ್ಲ. ಆದ್ದರಿಂದ ಇಂಗ್ಲಿಷ್ ಪದದ ಹಿಂದೆ ಹೋಗದೆ ಯಂತ್ರ ಮಾಡುವ ಕೆಲಸವನ್ನು ನೋಡಿ ಹೆಸರಿಡಬೇಕು ಅನ್ನುವುದು ನನ್ನ ಅನಿಸಿಕೆ.

ಹಾಗೆ ನೋಡಿದಾಗ ‘ಕಾವಲು’ ಸಿಗುತ್ತದೆ. ಹಂದಿಗೆ ಗದ್ದೆ ಕಾವಲು, ಕಣದಲ್ಲಿ ಕಾಫಿ ಒಣಗುವಾಗ ರಾತ್ರಿ ಕಾವಲು, ಒಳ್ಳೆಮೆಣಸು ತುಂಬಿಟ್ಟ ಗೋಡೌನಿಗೆ ಕಾವಲು. ತೋಟದಲ್ಲಿ ಈ ಪದ ಗೊತ್ತಿಲ್ಲದವರಿಲ್ಲ. ಮಲಯಾಳಂನವರಿಗೂ ಹೊಸದಲ್ಲ. ಆರ್ಮ್ ಅಂದರೆ ‘ಕಾವಲು ಹಾಕು’. ಆರ್ಮ್ ಆಗಿದ್ದರೆ ‘ಕಾವಲಿದೆ’. ಇಷ್ಟು ನನಗೆ ಒಪ್ಪಿಗೆ. ಹಳೆ ಮೈಸೂರು ಕಡೆ ಕಾವಲು ಅಂದರೆ ಹುಲ್ಲುಗಾವಲು ಕೂಡ ಹೌದು. ಆದರೆ ಕೀಪ್ಯಾಡ್ ಪಕ್ಕದಲ್ಲಿ ಓದಿದಾಗ ಆ ಅರ್ಥ ಯಾರಿಗೂ ಬರಲಾರದು.

ಕಷ್ಟ ಇರುವುದು ಡಿಸ್‌ಆರ್ಮ್‌ಗೆ. ‘ಕಾವಲು ಬಿಡು’ ಅಂದರೆ ಕೆಲವರಿಗೆ ಕಾವಲು ನಿಲ್ಲಿಸು ಅಂತ ಕೇಳಿಸುತ್ತದೆ. ಇನ್ನು ಕೆಲವರಿಗೆ ಕಾವಲಿಗೆ ಬಿಡು ಅಂತ, ಅಂದರೆ ಪೂರ್ತಿ ತಿರುವು. ರಾತ್ರಿ ನಾಯಿಯನ್ನು ಕಾವಲಿಗೆ ‘ಬಿಡುತ್ತೇವೆ’ ಅಲ್ವಾ? ಬೇಲಿಗೆ ಕರೆಂಟ್ ‘ಬಿಡುತ್ತೇವೆ’. ಸೋಲಾರ್ ಬೇಲಿ ಇರುವ ತೋಟದಲ್ಲಿ ‘ಬಿಟ್ಟಿದೀರಾ?’ ಅಂದರೆ ಚಾಲೂ ಮಾಡಿದ್ದೀರಾ ಅಂತಲೇ ಅರ್ಥ. ಆದ್ದರಿಂದ ‘ಬಿಡು’ ಬೇಡ. ‘ಕಾವಲು ತೆಗೆ’ ಅಂದರೆ ಹೇಗೆ? ಇದು ಸ್ಪಷ್ಟ ಅನ್ನಿಸುತ್ತದೆ, ಆದರೆ ಯಂತ್ರವನ್ನೇ ಕಿತ್ತು ತೆಗೆಯುವ ಅರ್ಥ ಇಣುಕುತ್ತದೆಯೇ ಅಂತ ಅನುಮಾನ. ‘ಕಾವಲು ನಿಲ್ಲಿಸು’ ಕೂಡ ಕಷ್ಟ. ಕಾವಲಿಗೆ ಆಳನ್ನು ನಿಲ್ಲಿಸುವುದೂ ಇದೆ. ನೋಡಿ, ಈ ಪದಕ್ಕೆ ಯಾವ ಕ್ರಿಯೆ ಸೇರಿಸಿದರೂ ಎರಡು ಕಡೆಗೆ ವಾಲುತ್ತದೆ.

‘ಹೂಡು’ ಕೂಡ ಯೋಚಿಸಿದೆ. ಬಾಣ ಹೂಡು ಅನ್ನುವಾಗ ಇರುವ ಅರ್ಥ ಇದಕ್ಕೆ ತುಂಬ ಹತ್ತಿರ. ಸಿದ್ಧವಾಗಿದೆ, ಇನ್ನೂ ಹೊರಟಿಲ್ಲ. ಆದರೆ ಈಗಿನವರಿಗೆ ಹೂಡು ಅಂದರೆ ಬ್ಯಾಂಕಿನಲ್ಲಿ ಹಣ ಹೂಡುವುದು. ಅದಕ್ಕೆ ಎದುರು ಪದವೂ ಸುಲಭಕ್ಕೆ ಸಿಗುವುದಿಲ್ಲ. ಕೈಬಿಟ್ಟೆ.

ಆರ್ಮ್‌ನಲ್ಲೇ ಎರಡು ಬಗೆ ಇದೆ. ಎಲ್ಲರೂ ಹೊರಗೆ ಹೋಗುವಾಗಿನದು ‘ಅವೇ’. ಆಗ ಬಾಗಿಲು, ಕಿಟಕಿ, ಒಳಗಿನ ಓಡಾಟ ಎಲ್ಲದಕ್ಕೂ ಕಾವಲು. ಮನೆಯಲ್ಲೇ ಮಲಗುವಾಗಿನದು ‘ಸ್ಟೇ’. ಆಗ ಬಾಗಿಲು ಕಿಟಕಿಗೆ ಮಾತ್ರ ಕಾವಲು, ರಾತ್ರಿ ಎದ್ದು ನೀರು ಕುಡಿಯಲು ಹೋದರೆ ಕೂಗುವುದಿಲ್ಲ. ಇವೆರಡಕ್ಕೆ ನನ್ನ ಉತ್ತರ ಸಿಕ್ಕಿದೆ: ‘ಮನೇಲಿದ್ದೇವೆ’, ‘ಬೀಗ ಹಾಕಿ ಹೊರಟಿದ್ದೇವೆ’. ಇದರಲ್ಲಿ ಮನೆಯವರೇ ಯಂತ್ರಕ್ಕೆ ಸುದ್ದಿ ಹೇಳಿದ ಹಾಗಿದೆ. ಒತ್ತುವವರಿಗೆ ಗೊಂದಲ ಇಲ್ಲ.

ಝೋನ್‌ಗೆ (ಪ್ಯಾನೆಲ್ ಒಂದೇ ನಂಬರಿನಲ್ಲಿ ಗುರುತಿಸುವ ಸೆನ್ಸರ್ ಅಥವಾ ಸೆನ್ಸರ್‌ಗಳ ಸಾಲು) ‘ವಲಯ’ ಅಂತ ಬರೆಯಲು ಮನಸ್ಸಿಲ್ಲ. ಇಲ್ಲಿ ವಲಯ ಅಂದರೆ ಅರಣ್ಯ ಇಲಾಖೆ. ವಲಯ ಅರಣ್ಯಾಧಿಕಾರಿ ಆನೆ ಬಂದಾಗಲೆಲ್ಲ ಸುದ್ದಿಯಲ್ಲಿ ಬರುತ್ತಾರೆ. ತೋಟದವರು ತೋಟದ ಭಾಗಕ್ಕೆ ‘ಬ್ಲಾಕ್’ ಅನ್ನುತ್ತಾರೆ, ಅದು ಆಗಬಹುದೇನೋ. ಆದರೆ ಝೋನ್ ಯಾವಾಗಲೂ ಒಂದು ಜಾಗ ಅಲ್ಲ. ಮೂರು ಕಿಟಕಿಯ ಸ್ವಿಚ್‌ಗಳನ್ನು ಒಂದರ ಹಿಂದೆ ಒಂದು ಕಟ್ಟಿ ಒಂದೇ ಝೋನಿಗೆ ತಂದಿರುತ್ತೇವೆ. ಯಾವುದು ತೆರೆದರೂ ಪ್ಯಾನೆಲ್ ಹೇಳುವುದು ಒಂದೇ ನಂಬರ್. ನನ್ನ ಕಾರ್ಡಿನಲ್ಲಿ ಸದ್ಯಕ್ಕೆ ಪದ ಬಿಟ್ಟು ನಂಬರ್ ಎದುರು ‘ಅಡುಗೆಮನೆ ಹಿಂಬಾಗಿಲು’, ‘ಮೇಲಿನ ಕಿಟಕಿಗಳು’ ಅಂತ ಬರೆದಿದ್ದೇನೆ.

ಇನ್ನು ‘ಫಾಲ್ಸ್ ಅಲಾರಂ’. ಪತ್ರಿಕೆಯವರು ಬಾಂಬ್ ಕರೆಗೆ ‘ಹುಸಿ’ ಅನ್ನುತ್ತಾರೆ. ಹುಸಿಯಲ್ಲಿ ಯಾರೋ ಬೇಕೆಂದೇ ಮೋಸ ಮಾಡಿದ ಅರ್ಥ ಇದೆ. ಸೆನ್ಸರ್ ಮೋಸ ಮಾಡುವುದಿಲ್ಲ. ‘ಸುಳ್ಳು ಅಲಾರಂ’ ಅಂದರೂ ಅದೇ ತೊಂದರೆ. ಜನ ಹೇಳುವುದು ‘ಸುಮ್ನೆ ಕೂಗುತ್ತೆ’. ಈ ಮಾತು ನನಗೆ ತುಂಬ ಕೆಲಸ ಕೊಡುತ್ತದೆ, ಯಾಕೆಂದರೆ ಸುಮ್ನೆ ಕೂಗುವುದು ಅಂತ ಇಲ್ಲವೇ ಇಲ್ಲ. ಜೂನ್ ಜುಲೈಯಲ್ಲಿ ಮರದ ಬಾಗಿಲು ನೀರು ಕುಡಿದು ಉಬ್ಬುತ್ತದೆ, ಚೌಕಟ್ಟಿಗೆ ಪೂರ್ತಿ ಸೇರುವುದಿಲ್ಲ. ಬಾಗಿಲಲ್ಲಿರುವ ಅಯಸ್ಕಾಂತ ಚೌಕಟ್ಟಿನ ರೀಡ್ ಸ್ವಿಚ್‌ನಿಂದ ಸ್ವಲ್ಪ ದೂರ ಸರಿಯುತ್ತದೆ. ಸ್ವಿಚ್ ಒಳಗೆ ಗಾಜಿನ ಕೊಳವೆಯಲ್ಲಿ ಎರಡು ತೆಳು ಲೋಹದ ಎಲೆಗಳಿವೆ. ಅಯಸ್ಕಾಂತ ಹತ್ತಿರ ಇದ್ದರೆ ಕೂಡುತ್ತವೆ, ದೂರ ಹೋದರೆ ಬಿಡುತ್ತವೆ. ಗಾಳಿಗೆ ಬಾಗಿಲು ಅಲ್ಲಾಡಿದರೂ ಸಾಕು. ಆಗ ಮನೆಯವರು ‘ಬಾಗಿಲು ಸೇರ್ತಿಲ್ಲ, ಅದಕ್ಕೆ ಕೂಗ್ತು’ ಅಂತ ಹೇಳಿದರೆ ನಾನು ಫೋನಿನಲ್ಲೇ ಅರ್ಧ ಕೆಲಸ ಮುಗಿಸಬಹುದು.

ಓಡಾಟ ಹಿಡಿಯುವ ಪಿಐಆರ್ ಸೆನ್ಸರ್‌ಗೆ ಕೆಲವರು ‘ಕಣ್ಣು’ ಅನ್ನುತ್ತಾರೆ. ಚೆಂದದ ಹೆಸರು, ಆದರೆ ಕ್ಯಾಮೆರಾ ಅಂದುಕೊಂಡು ಮಲಗುವ ಕೋಣೆಯಲ್ಲಿ ಬೇಡ ಅನ್ನುವವರಿದ್ದಾರೆ. ಅದು ಚಿತ್ರ ನೋಡುವುದಿಲ್ಲ. ಮೈಯಿಂದ ಹೊರಡುವ ಶಾಖದ ಕಿರಣಗಳು ಜಾಗ ಬದಲಿಸಿದ್ದನ್ನು ಹಿಡಿಯುತ್ತದೆ. ಮುಚ್ಚಿದ ಗಾಜಿನ ಕಿಟಕಿಯಾಚೆ ಯಾರು ನಡೆದರೂ ಅದಕ್ಕೆ ತಿಳಿಯುವುದಿಲ್ಲ. ಆದರೆ ಅದರ ಮುಖದ ಮೇಲೇ ಜೇಡ ಹರಿದಾಡಿದರೆ ದೊಡ್ಡ ಮೈ ಸರಿದ ಹಾಗೆ ಲೆಕ್ಕ ಹಾಕುತ್ತದೆ. ಆದ್ದರಿಂದ ಆಗಾಗ ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಅದರ ವೈರ್ ಬರುವ ಗೋಡೆಯ ತೂತನ್ನು ಮುಚ್ಚಿಡಿ ಅಂತ ಕಾರ್ಡಿನ ಹಿಂದೆ ಬರೆಯುತ್ತಿದ್ದೇನೆ. ಇದಕ್ಕೆ ‘ಶಾಖದ ಕಣ್ಣು’ ಅಂದರೆ ಒಪ್ಪಬಹುದೇ?

ಇಲಿ ಕಡಿದ ವೈರ್ ಕೂಡ ‘ಸುಮ್ನೆ’ಯ ಲೆಕ್ಕಕ್ಕೇ ಸೇರುತ್ತದೆ. ವೈರ್ ಸಾಲಿನ ಕೊನೆಯಲ್ಲಿ ಒಂದು ರೆಸಿಸ್ಟರ್ (ಕರೆಂಟಿಗೆ ತಡೆ ಕೊಡುವ ಸಣ್ಣ ಭಾಗ) ಇಟ್ಟು ಪ್ಯಾನೆಲ್ ಅದನ್ನು ಅಳೆಯುತ್ತಿರುತ್ತದೆ. ವೈರ್ ತುಂಡಾದರೂ, ಎರಡು ವೈರ್ ತಾಗಿದರೂ ಅಳತೆ ತಪ್ಪುತ್ತದೆ, ಕೂಗುತ್ತದೆ. ಅದು ಅದರ ಕೆಲಸವನ್ನು ಸರಿಯಾಗಿ ಮಾಡಿದೆ. ನನಗೆ ಬೇಕಾದ್ದು ಎರಡು ಪದ. ಸೆನ್ಸರ್ ಸರಿಯಿದೆ, ಕಂಡದ್ದು ಕಳ್ಳನಲ್ಲ ಅನ್ನಲು ಒಂದು. ಯಂತ್ರದಲ್ಲೇ ಏನೋ ಕೆಟ್ಟಿದೆ ಅನ್ನಲು ಇನ್ನೊಂದು. ಮೊದಲನೆಯದಕ್ಕೆ ‘ಕಳ್ಳನಲ್ಲದ ಕೂಗು’ ಅಂತ ಬರೆದು ನೋಡಿದೆ, ಉದ್ದವಾಯಿತು. ಎರಡನೆಯದಕ್ಕೆ ‘ಕೆಟ್ಟ ಕೂಗು’ ಅಂದರೆ ಬೇರೆ ಅರ್ಥವೇ ಬರುತ್ತದೆ.

ಕಾರ್ಡಿನ ಈಗಿನ ಕರಡು ಹೀಗಿದೆ: ‘ಸೈರನ್ ಕೂಗಿದರೆ ಮೊದಲು ಕೋಡ್ ಒತ್ತಿ. ಕೂಗು ನಿಲ್ಲುತ್ತದೆ. ಈಗ ಮನೆಗೆ ಕಾವಲಿಲ್ಲ. ಪರದೆಯ ನಂಬರ್ ನೋಡಿ, ಆ ಬಾಗಿಲು ಕಿಟಕಿ ಸೇರಿದೆಯೇ ನೋಡಿ. ಒಳಗೆ ಯಾರೋ ಇದ್ದಾರೆ ಅನ್ನಿಸಿದರೆ ಹುಡುಕಲು ಹೋಗಬೇಡಿ, 112ಕ್ಕೆ ಫೋನ್ ಮಾಡಿ. ಎಲ್ಲ ಸರಿಯಿದ್ದರೆ ಮತ್ತೆ ಕಾವಲು ಹಾಕಿ ಮಲಗಿ. ಗೋಡೆಯ ಸ್ವಿಚ್ ಮುಟ್ಟಬೇಡಿ.’

ಇದನ್ನು ಕಾಫಿ ಕೊಯ್ಲು ಶುರುವಾಗುವ ಮುಂಚೆ ಅಚ್ಚು ಹಾಕಿಸಬೇಕು. ಕಣದಲ್ಲೂ ಗೋಡೌನಿನಲ್ಲೂ ಮಾಲು ತುಂಬುವುದು ಆಗಲೇ. ಆದ್ದರಿಂದ ಬಲ್ಲವರು ಬೇಗ ಹೇಳಬೇಕು. ‘ಕಾವಲು ತೆಗೆ’ ಅಂದರೆ ನಿಮ್ಮೂರಲ್ಲಿ ಏನು ಕೇಳಿಸುತ್ತದೆ? ಗದ್ದೆ ಕಾವಲಿಗೆ ಹೋದವರು ಬೆಳಗ್ಗೆ ಎದ್ದು ಮನೆಗೆ ಬರುವುದಕ್ಕೆ ನಿಮ್ಮ ಕಡೆ ಒಂದು ಪದ ಇದೆಯೇ? ಇದ್ದರೆ ಡಿಸ್‌ಆರ್ಮ್‌ಗೆ ಅದೇ ಸಾಕು. ತುಳುವಿನಲ್ಲೋ ಅರೆಭಾಷೆಯಲ್ಲೋ ಇದ್ದರೂ ಬರೆಯಿರಿ. ಇಲ್ಲಿಯವರಿಗೆ ಅರ್ಥವಾಗುವುದಾದರೆ ಅದನ್ನೇ ಕನ್ನಡ ಕಾರ್ಡಿಗೆ ಹಾಕುತ್ತೇನೆ.