ಪುಟಗಳ ಲೆಕ್ಕ ಹಾಕಿದರೆ ಸ್ವಯಂಸೇವಕರಿಗೆ ಹುರುಪು ಬರುತ್ತದೆಯೇ?

ಕರಡುಕಣ್ಣು:
ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪಠ್ಯವಾಗಿಸುವ ಬಳಗವೊಂದರ ಉಸ್ತುವಾರಿ ನನ್ನದು. ಎಲ್ಲರೂ ಬಿಡುವು ಮಾಡಿಕೊಂಡು, ಪುಕ್ಕಟೆ ದುಡಿಯುವವರು. ಯಂತ್ರ ‘ಪ’ವನ್ನು ‘ಷ’ ಎಂದು ಓದುತ್ತದೆ, ಒತ್ತಕ್ಷರವನ್ನು ನುಂಗಿಹಾಕುತ್ತದೆ. ಅದನ್ನು ಸಾಲು ಸಾಲಾಗಿ ತಿದ್ದಬೇಕು. ಯಾರು ಎಷ್ಟು ಪುಟ ಮುಗಿಸಿದರೆಂದು ತಿಂಗಳ ಕೊನೆಗೆ ಪಟ್ಟಿ ಹಾಕುವ ರೂಢಿ ಇದೆ. ಫಲವೇನೆಂದರೆ, ಕಾದಂಬರಿಯ ಪುಟಗಳಿಗೆ ನಾ ಮುಂದು ತಾ ಮುಂದು. ಕೋಷ್ಟಕ, ಅಡಿಟಿಪ್ಪಣಿಗಳ ಪುಟಗಳತ್ತ ಯಾರೂ ಸುಳಿಯುವುದಿಲ್ಲ. ಅವನ್ನು ತಾಳ್ಮೆಯಿಂದ ತಿದ್ದುವ ಒಬ್ಬರೇ ಒಬ್ಬರು ಪಟ್ಟಿಯ ತಳದಲ್ಲಿದ್ದಾರೆ! ಈಗ ಮೊದಲ ಸ್ಥಾನಕ್ಕೆ ನಗದು ಬಹುಮಾನ ಇಡೋಣ ಎಂಬ ಸಲಹೆ ಬಂದಿದೆ. ನನಗೇಕೋ ಮನಸ್ಸೊಪ್ಪುತ್ತಿಲ್ಲ. ನೀವೇನನ್ನುತ್ತೀರಿ?

ಹಳೇಕೈ:
ಒಪ್ಪಲೇಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ರಿಬ್ಬನ್ ಕಟ್ಟಿದ ಪ್ರಮಾಣಪತ್ರ ಕೊಡುವುದಾಗಿ ಮೊದಲೇ ಆಸೆ ತೋರಿಸಿದರು. ಕೆಲವರಿಗೆ ಬಿಡಿಸಿ ಮುಗಿಸಿದ ಮೇಲೆ ಹೇಳದೆ ಕೇಳದೆ ಕೊಟ್ಟರು. ಮುಂದೆ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ ಆಸೆ ಹತ್ತಿಸಿಕೊಂಡಿದ್ದ ಮಕ್ಕಳಿಗೆ ಚಿತ್ರದ ಮೇಲಿನ ಒಲವು ತಗ್ಗಿತ್ತು. ಹೇಳದೆ ಪಡೆದವರಿಗೆ ತಗ್ಗಿರಲಿಲ್ಲ. ನಗದು ಇಟ್ಟರೆ ಪುಟ ಹೆಚ್ಚೀತು, ತಪ್ಪೂ ಹೆಚ್ಚೀತು. ಪಟ್ಟಿಯನ್ನೂ ತೆಗೆದುಹಾಕಿ ಎಂದೇ ನನ್ನ ಮಾತು.

ಅಲ್ಪವಿರಾಮ:
ಬಹುಮಾನ ಬೇಡ ಸರಿ, ಬೆನ್ನು ತಟ್ಟುವುದನ್ನೂ ಬಿಡಬೇಕಿಲ್ಲವಲ್ಲ. ವಿಕಿಪೀಡಿಯದಲ್ಲಿ ‘ಬಾರ್ನ್‌ಸ್ಟಾರ್’ ಎಂಬ ಮೆಚ್ಚುಗೆಯ ಗುರುತನ್ನು ಯಾರು ಯಾರಿಗೆ ಬೇಕಾದರೂ ಕೊಡಬಹುದು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅದನ್ನು ಪಡೆದ ಸಂಪಾದಕರು ಪಡೆಯದವರಿಗಿಂತ ಸುಮಾರು ಶೇಕಡಾ 60ರಷ್ಟು ಹೆಚ್ಚು ಕೆಲಸ ಮಾಡಿದ್ದರು. ಕಾಸಿಲ್ಲ, ಖರ್ಚಿಲ್ಲ.

ಹಳೇಕೈ:
ಅವರೆಲ್ಲ ಮೊದಲೇ ಅತಿ ಹೆಚ್ಚು ದುಡಿಯುತ್ತಿದ್ದ ಶೇಕಡಾ 1ರವರು ಎಂಬುದನ್ನೂ ಹೇಳಿ. ನಿನ್ನೆ ಮೊನ್ನೆ ಬಂದವರ ಮಾತು ಬೇರೆ.

ಅಲ್ಪವಿರಾಮ:
ಬೇರೆಯೇನಲ್ಲ. ಜರ್ಮನ್ ವಿಕಿಪೀಡಿಯದಲ್ಲಿ ಹೊಸಬರಿಗೇ ಇಂಥ ಗೌರವ ಕೊಟ್ಟು ನೋಡಿದ್ದಾರೆ. ಉಳಿದುಕೊಂಡವರ ಪ್ರಮಾಣ ಶೇಕಡಾ 20ರಷ್ಟು ಏರಿತು. ಆದರೆ ಎಲ್ಲರಿಗೂ ಒಂದೇ ಒಕ್ಕಣೆಯ ಪ್ರಮಾಣಪತ್ರ ಹಂಚಿದರೆ ಮೂರು ಕಾಸಿನ ಬೆಲೆ ಇರುವುದಿಲ್ಲ. ‘ತಮ್ಮ ಅಮೂಲ್ಯ ಸೇವೆ’ ಎಂದು ಬರೆಯುವವರಿಗೆ ಆ ಸೇವೆ ಏನೆಂದು ಕೇಳಿ ನೋಡಿ, ತಡವರಿಸುತ್ತಾರೆ. ‘ಆ ಕೋಷ್ಟಕದಲ್ಲಿ ಅಂಕಿಗಳೆಲ್ಲ ಒಂದು ಸಾಲು ಕೆಳಕ್ಕೆ ಜಾರಿದ್ದನ್ನು ನೀವು ಹಿಡಿಯದಿದ್ದರೆ ಹಾಗೆಯೇ ಅಚ್ಚಾಗುತ್ತಿತ್ತು’ ಎಂದು ಬರೆಯಿರಿ. ಎಲ್ಲರ ಕಣ್ಣಿಗೆ ಬೀಳುವ ಕಡೆ ಬರೆಯಿರಿ.

ಕರಡುಕಣ್ಣು:
ನಗದು ಬಹುಮಾನದ ಮಾತು ಇಲ್ಲಿಗೆ ಬಿಟ್ಟೆ. ಪಟ್ಟಿಯ ಜಾಗದಲ್ಲಿ ‘ಈ ತಿಂಗಳು ಸಿಕ್ಕಿಬಿದ್ದ ತಪ್ಪುಗಳು’ ಎಂಬ ಅಂಕಣ ಶುರುಮಾಡುತ್ತೇನೆ, ಹಿಡಿದವರ ಹೆಸರಿನೊಂದಿಗೆ. ಕೋಷ್ಟಕ ತಿದ್ದುವವರನ್ನು ಆ ಪುಟಗಳ ನಿಯಮಗಳನ್ನು ನೀವೇ ಬರೆದುಕೊಡುತ್ತೀರಾ ಎಂದು ಕೇಳಿದ್ದೇನೆ. ಒಪ್ಪಿಕೊಂಡರು, ಜೊತೆಗೆ, ಈಗಿರುವ ನಿಯಮಗಳಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬಾರದವು ಎಂದೂ ಹೇಳಿದರು.